ಕೇಳದೆ ತಂದ ಉತ್ತರ

ನೀಲಾ ಬೇಡ ಅನ್ನಲಿಲ್ಲ. ನಾನು ಅವಳನ್ನು ಕೇಳಲೇ ಇಲ್ಲ.

ಇಷ್ಟೇ ವಿಷಯ. ಇದನ್ನು ಮೊದಲೇ ಬರೆದುಬಿಡುತ್ತೇನೆ. ಸುತ್ತು ಹಾಕಿ ಬರೆಯಲು ಹೋದರೆ ನಡುವೆ ಎಲ್ಲಾದರೂ ನುಣುಚಿಕೊಳ್ಳುವ ದಾರಿ ಹುಡುಕುತ್ತೇನೆ. ನಾನು ಓದಿದ್ದು ಮೂರನೆಯ ಇಯತ್ತೆ. ನುಣುಚಿಕೊಳ್ಳುವುದಕ್ಕೆ ಅಷ್ಟು ಓದೂ ಬೇಕಾಗಿಲ್ಲ.

ನೀಲಾ ನನ್ನ ಗಂಡನ ತಂಗಿ. ನಾವು ಧಾರವಾಡದ ಕಡೆಯವರು. ಗಂಡನಿಗೆ ರೈಲ್ವೆ ಕೆಲಸ, ಅದರಿಂದ ಕೋಲ್ಕತ್ತಾಕ್ಕೆ ಬಂದೆವು. ನೀಲಾ ಓದುವುದಕ್ಕೆಂದು ಬಂದವಳು ಇಲ್ಲಿಯೇ ಕಾಲೇಜಿನಲ್ಲಿ ಗಣಿತ ಕಲಿಸುತ್ತ ನಮ್ಮ ಜೊತೆಗೇ ಉಳಿದಳು. ಮದುವೆ ಮಾಡಿಕೊಳ್ಳಲಿಲ್ಲ. ಗಂಡ ಹೋದಮೇಲೆ ಮನೆಯಲ್ಲಿ ಮೂವರು — ನಾನು, ನೀಲಾ, ನನ್ನ ಮಗ ಬಸು. ಬಸುವಿಗೆ ಗಾರ್ಡನ್ ರೀಚ್‌ನಲ್ಲಿ ಹಡಗು ಕಟ್ಟುವ ಕಡೆ ಕೆಲಸ. ಅವನೂ ಮದುವೆಯಾಗಲಿಲ್ಲ. ಅದರ ಕತೆ ಬೇರೆ, ಇಲ್ಲಿ ಬೇಡ.

ನೀಲಾಗೆ ಬೆನ್ನುಹುರಿಯಲ್ಲಿ ಗಡ್ಡೆಯಾಗಿ, ಆಪರೇಷನ್ ಆದಮೇಲೆ ಸೊಂಟದ ಕೆಳಗೆ ಸ್ವಾಧೀನ ಹೋಯಿತು. ಗಾಲಿಕುರ್ಚಿ ಬಂತು. ಅವಳು ಅಳಲಿಲ್ಲ. ಕೇಳಿದ್ದು ಒಂದೇ — ಭಾನುವಾರ ಸಂಜೆ ಕೆರೆಗೆ ಹೋಗುವುದು ತಪ್ಪಬಾರದು. ಸದರ್ನ್ ಅವೆನ್ಯೂ ಪಕ್ಕದ ದೊಡ್ಡ ಕೆರೆಯ ದಂಡೆಯಲ್ಲಿ ಅವಳ ಗೆಳತಿ ಶಿಬಾನಿದಿ ಬೆಂಚಿನ ಮೇಲೆ ಕಾಯುತ್ತಿದ್ದಳು. ಇಬ್ಬರೂ ಒಂದೇ ಕಾಲೇಜಿನಲ್ಲಿ ಕಲಿಸಿದವರು. ಮಣ್ಣಿನ ಲೋಟದಲ್ಲಿ ಚಹಾ, ಕತ್ತಲಾಗುವವರೆಗೆ ಹರಟೆ. ನನಗೆ ಅವರ ಮಾತು ಅರ್ಧ ತಿಳಿಯುತ್ತಿತ್ತು, ಅರ್ಧ ಇಲ್ಲ. ನಾನು ಪಕ್ಕದಲ್ಲಿ ಕೂತು ಶೇಂಗಾ ತಿನ್ನುತ್ತಿದ್ದೆ.

ನಮ್ಮ ಮನೆ ಖಿದಿರ್‌ಪುರದಲ್ಲಿ, ಲಿಫ್ಟ್ ಇರುವ ಕಟ್ಟಡದ ಮೇಲಿನ ಮಹಡಿ. ಕೆರೆ ಊರಿನ ಇನ್ನೊಂದು ಕಡೆ. ಮನೆಯ ಮುಂದೆ ಬಂದರಿನ ದೊಡ್ಡ ಲಾರಿಗಳು, ಫುಟ್‌ಪಾತ್ ಕಿತ್ತುಹೋಗಿದೆ, ಕುರ್ಚಿ ತಳ್ಳುವ ರಸ್ತೆ ಅಲ್ಲ. ಬಾಡಿಗೆ ಕಾರಿನವರು ಕುರ್ಚಿ ಕಂಡರೆ ನಿಲ್ಲಿಸುವುದಿಲ್ಲ. ಆದ್ದರಿಂದ ನೀಲಾಗೆ ಹೊರಗಿನ ಲೋಕವೆಂದರೆ ನಮ್ಮ ಕಾರು.

ಅದು ಅರ್ಧ ಪೆಟ್ರೋಲಿನಲ್ಲಿ ಅರ್ಧ ಬ್ಯಾಟರಿಯಲ್ಲಿ ಓಡುವ ಕಾರು. ಹೈಬ್ರಿಡ್ ಅನ್ನುತ್ತಾರೆ. ಯಾರೋ ದೊಡ್ಡ ಅಧಿಕಾರಿ ಬಳಸಿ ಬಿಟ್ಟದ್ದನ್ನು ಬಸು ಕೊಂಡಿದ್ದ. ಹೊರಡುವಾಗ ಸದ್ದೇ ಇರುತ್ತಿರಲಿಲ್ಲ. ಸೀಟು ತಗ್ಗು, ಗಾಲಿಕುರ್ಚಿಯ ಎತ್ತರಕ್ಕೆ ಸರಿಯಾಗಿ. ನಡುವೆ ಒಂದು ಸಾಗವಾನಿ ಹಲಗೆ ಇಟ್ಟರೆ ನೀಲಾ ಕೈ ಊರಿ ತಾನೇ ಜಾರಿ ಕೂಡುತ್ತಿದ್ದಳು. ಯಾರೂ ಎತ್ತಬೇಕಾಗಿರಲಿಲ್ಲ. ಆ ಹಲಗೆಯನ್ನು ಬಸು ಉಜ್ಜಿ ಉಜ್ಜಿ ನುಣುಪು ಮಾಡಿದ್ದ. ಡಿಕ್ಕಿಯಲ್ಲಿ ಅರ್ಧ ಜಾಗವನ್ನು ಬ್ಯಾಟರಿ ತಿಂದಿತ್ತು, ಉಳಿದರ್ಧದಲ್ಲಿ ಮಡಿಸಿದ ಕುರ್ಚಿ ಅಡ್ಡ ಮಲಗುತ್ತಿತ್ತು.

ಹಲಗೆ ಹಾಕುವುದಕ್ಕೆ ಮುಂದಿನ ಬಾಗಿಲೇ ಅನುಕೂಲ. ಹಾಗಾಗಿ ಮುಂದಿನ ಸೀಟು ಅವಳದು. ನಾನು ಹಿಂದೆ.

ಈಗ ಕೆಟ್ಟದ್ದನ್ನು ಬರೆಯಬೇಕು. ನನಗೆ ಆ ಸೀಟು ಬೇಕಿತ್ತು. ಬಸುವಿಗೆ ಕಾರು ಕಲಿಸಿದವಳು ನೀಲಾ, ಅವಳ ಕಾಲು ಸರಿಯಿದ್ದಾಗ. ಕಾಲು ಹೋದಮೇಲೂ ಪಕ್ಕದಲ್ಲಿ ಕೂತು, ಎಡಕ್ಕೆ ತಗೋ, ಈ ಸಿಗ್ನಲ್ ಬೇಗ ಬೀಳುತ್ತದೆ ಅನ್ನುತ್ತಿದ್ದಳು. ಅವನು ನಗುತ್ತಿದ್ದ. ಅವರಿಬ್ಬರ ಮಾತು ಕನ್ನಡದಲ್ಲಿ ಶುರುವಾಗಿ ಇಂಗ್ಲಿಷಿಗೆ ಹೋಗಿ ಬಂಗಾಳಿಯಲ್ಲಿ ಮುಗಿಯುತ್ತಿತ್ತು. ನನಗೆ ಇಬ್ಬರ ತಲೆಯ ಹಿಂಭಾಗ ಕಾಣುತ್ತಿತ್ತು. ಒಮ್ಮೆ ನೀಲಾ ಹಿಂದೆ ತಿರುಗಿ, "ವೈನಿ, ನೀವು ಮಾಲಕರಂಗ ಹಿಂದ ಕುಂತೀರಿ ನೋಡ್ರಿ. ನಾವಿಬ್ರು ಡ್ರೈವರ್, ಕ್ಲೀನರ್" ಅಂದಳು. ತಮಾಷೆಗೆ ಅಂದದ್ದು. ನನಗೆ ಚುಚ್ಚಿತು. ಹೆತ್ತವಳು ನಾನು, ಹಿಂದೆ ಕೂತವಳೂ ನಾನು — ಹೀಗೆಲ್ಲ ಮನಸ್ಸಿನಲ್ಲಿ —

ಇರಲಿ. ಕಾರಿಗೆ ವಯಸ್ಸಾಯಿತು. ಮುಂದೆ ಕೆಂಪು ದೀಪ ಹತ್ತಿಕೊಂಡದ್ದು ಆರಲೇ ಇಲ್ಲ. ಒಂದು ದಿನ ಊಟಕ್ಕೆ ಕೂತಾಗ ಬಸು ವಿಷಯ ತೆಗೆದ.

"ಅವ್ವಾ, ಬ್ಯಾಟರಿ ಮುಗೀತು. ಮೆಕ್ಯಾನಿಕ್ ಕೈ ಎತ್ತಿದ. ಹೊಸಾ ಬ್ಯಾಟರಿ ಹಾಕ್ಸೂದಂದ್ರ ಕಾರಿನಕಿಂತ ಅದ ತುಟ್ಟಿ."

"ಬ್ಯಾರೆ ತಗೋ."

"ಇಂಥಾದ್ದ ಹೊಸಾದು ನಮಗ ಆಗಂಗಿಲ್ಲ. ಗ್ಯಾಸಿನ ಕಾರ್ ನೋಡೀನಿ. ದಿನಾ ಓಡ್ಯಾಡಾಕ ಪ್ರಾಕ್ಟಿಕಲ್. ಆದ್ರ ಡಿಕ್ಕಿಯೊಳಗ ಸಿಲಿಂಡರ್ ಇರ್ತೈತಿ. ಅತ್ತಿ ಕುರ್ಚಿ ಹಿಡಿಯಂಗಿಲ್ಲ."

"ಹಂಗಾದ್ರ?"

"ಹಿಂದಿನ ಸೀಟಿನ ಮ್ಯಾಲೆ ಹಿಡಿತೈತಿ. ಅಳತಿ ಮಾಡಿ ನೋಡಿ ಬಂದೀನಿ. ಆದ್ರ ಆವಾಗ ಹಿಂದ ಯಾರೂ ಕೂಡಾಕ ಬರಂಗಿಲ್ಲ."

ಯಾರೂ ಅಂದರೆ ನಾನು. ಅವನು ತಾಟನ್ನೇ ನೋಡುತ್ತಿದ್ದ.

"ಅತ್ತಿಗೆ ಹೋಗೂ ಮನಸಿದ್ರ ಹಂಗ ಮಾಡೂಣು, ಇಲ್ಲಾಂದ್ರ ಮ್ಯಾಲೆ ಕ್ಯಾರಿಯರ್ ಹಾಕ್ಸೂಣು. ಏನರ ಒಂದು ಮಾಡೂಣು. ನೀ ಕೇಳಿ ಬಾ ಅವ್ವಾ. ಹಿಂಗ ಅಂತ ನಾ ಹೆಂಗ ಕೇಳ್ಲಿ ಅಕಿನ್ನ?"

ನಮ್ಮ ಮನೆಯ ರೀತಿ ಹಾಗೆ. ಕಷ್ಟದ ಮಾತನ್ನು ಯಾರೂ ಯಾರ ಮುಖಕ್ಕೂ ಹೇಳುವುದಿಲ್ಲ. ಮೊದಲಿನಿಂದಲೂ ನನ್ನ ಕೈಯಲ್ಲಿ ಕಳಿಸುತ್ತಾರೆ. ಗಂಡು ನೋಡಲು ಬರುತ್ತಾನೆಂದು ನನ್ನ ಗಂಡ ತಂಗಿಗೆ ಹೇಳಿ ಕಳಿಸಿದ್ದು ನನ್ನ ಕೈಯಲ್ಲಿ. ಬೇಡವೆಂದು ಅವಳು ಅಣ್ಣನಿಗೆ ಹೇಳಿ ಕಳಿಸಿದ್ದೂ ನನ್ನ ಕೈಯಲ್ಲಿ. ಓದಿದವರು ಅವರು, ಮಾತು ಹೊರುವವಳು ನಾನು. ನಾನು ತಂದ ಮಾತನ್ನು ಯಾರೂ ಮತ್ತೆ ಹೋಗಿ ಕೇಳಿ ನೋಡುತ್ತಿರಲಿಲ್ಲ. ಅಷ್ಟು ವರ್ಷ ನಾನು ಒಂದಕ್ಷರ ಹೆಚ್ಚುಕಡಿಮೆ ಮಾಡದೆ ಮುಟ್ಟಿಸಿದ್ದೆ. ಆ ನಂಬಿಕೆಯನ್ನೇ ಆ ದಿನ ಬಳಸಿಕೊಂಡೆ.

ನೀಲಾಳ ಕೋಣೆಗೆ ಹೋದೆ. ಅವಳು ತೊಡೆಯ ಮೇಲೆ ತಾಟು ಇಟ್ಟುಕೊಂಡು ಬಟಾಣಿ ಸುಲಿಯುತ್ತಿದ್ದಳು.

"ಏನ್ರಿ ವೈನಿ, ತಾಯಿ ಮಗ ಗುಸುಗುಸು ನಡೆಸೀರಿ? ನನ್ನ ಮಾರಾಕ ಹತ್ತೀರೇನು?"

"ನಿನ್ನ ಯಾರ್ ತಗೋತಾರ?"

ಅವಳು ನಕ್ಕಳು. ನಾನು ಹಾಸಿಗೆಯ ಅಂಚಿಗೆ ಕೂತು ನಾಲ್ಕು ಕಾಯಿ ಸುಲಿದೆ. ಕೇಳಬೇಕಾದ ಮಾತು ಬಾಯಿಯವರೆಗೆ ಬಂದಿತ್ತು. ಕೇಳಿದರೆ ಅವಳು ಏನನ್ನುತ್ತಾಳೆಂದು ನನಗೆ ಗೊತ್ತಿತ್ತು — ಹೋಗಬೇಕು ಅನ್ನುತ್ತಾಳೆ. ಆಮೇಲೆ ಪ್ರತಿ ಭಾನುವಾರ ನನ್ನ ಜಾಗದಲ್ಲಿ ಆ ಕುರ್ಚಿ ಕೂತು ಹೋಗುತ್ತದೆ, ನಾನು ಮನೆಯಲ್ಲಿ. ಇಷ್ಟನ್ನು ಯೋಚಿಸಿದೆ. ಬೇರೆ ಏನನ್ನೂ ಯೋಚಿಸಲಿಲ್ಲ. "ಮುಂಜಾನಿಗೆ ಇದರದ ಪಲ್ಯ ಮಾಡ್ಲೇನು?" ಅಂದೆ. ಮಾಡ್ರಿ ಅಂದಳು. ಎದ್ದು ಬಂದೆ.

"ಬ್ಯಾಡಂತ" ಅಂದೆ ಬಸುವಿಗೆ.

"ಏನಂದ್ಲು?"

"ಸಾಕಾಗೇತಂತ. ಜನಾ ನೋಡ್ತಾರಂತ. ಇನ್ನ ಹೊರಗ ಹೋಗೂದು ಮನಸಿಗೆ ಬರಂಗಿಲ್ಲಂತ."

"ಖರೇನ?"

"ಖರೆ. ನೀ ಮತ್ತ ಕೇಳಾಕ ಹೋಗಬ್ಯಾಡ. ಅಕಿಗೆ ಅಳು ಬರ್ತೈತಿ."

ನೀಲಾ ಅತ್ತದ್ದನ್ನು ಬಸು ಜನ್ಮದಲ್ಲಿ ನೋಡಿರಲಿಲ್ಲ. ಅದಕ್ಕೇ ಹೆದರಿದ. ಕ್ಯಾರಿಯರಿನ ಮಾತು ಅಲ್ಲಿಗೆ ನಿಂತಿತು. ಅವನ ಮುಖದಲ್ಲಿ ದುಃಖವೂ ಇತ್ತು, ಭಾರ ಇಳಿದ ಹಗುರವೂ ಇತ್ತು. ಅದನ್ನು ಅವನ ಮೇಲೆ ಹೊರಿಸುವುದಿಲ್ಲ. ಅವನು ಕೇಳಿ ಬಾ ಅಂದಿದ್ದ.

ಹೊಸ ಕಾರು ಬಂದ ದಿನ ನೀಲಾ ಬಾಲ್ಕನಿಯಲ್ಲಿದ್ದಳು. ಕೆಳಗೆ ಬಸು ಡಿಕ್ಕಿ ತೆಗೆದ. ಮೇಲಿನಿಂದ ಎಲ್ಲ ಕಾಣುತ್ತಿತ್ತು.

"ವೈನಿ, ಡಿಕ್ಕಿಯೊಳಗ ಏನದು?"

"ಗ್ಯಾಸಿನ ಸಿಲಿಂಡರ್."

"ಮತ್ತ ಕುರ್ಚಿ?"

ಆಗಲಾದರೂ ಹೇಳಬಹುದಿತ್ತು. ಒಂದು ಸುಳ್ಳಿಗೆ ಒಂದು ಕಾವಲು ಬೇಕಲ್ಲ — ಹೇಳಲಿಲ್ಲ. "ಅದು ಬಸೂನ ವಿಚಾರ. ದಿನಾ ಕೆಲಸಕ್ಕ ಹೋಗಾವ ಅವ. ನೀ ಏನೂ ಅನಬ್ಯಾಡ, ಮದ್ಲ ಮನಸಿಗೆ ಹಚ್ಚಿಕೊಂಡಾನ" ಅಂದೆ.

ಅವಳು ಕುರ್ಚಿ ತಿರುಗಿಸಿಕೊಂಡು ಒಳಗೆ ಬಂದಳು. ಬಸು ಮೇಲೆ ಬಂದಾಗ, "ಕಾರ್ ಛಲೋ ಐತಿ. ಬಣ್ಣ ಛಲೋ ಆರಿಸೀ" ಅಂದಳು. "ಬ್ಯಾಸರಿಲ್ಲ ಹೌದಲ್ಲ ಅತ್ತಿ?" ಅಂದ ಅವನು. "ಯಾತರ ಬ್ಯಾಸರೋ, ಹುಚ್ಚಾ" ಅಂದಳು. ಅವನು ತನ್ನ ಅತ್ತೆಗೇ ಬೇಡವಾಗಿದೆ ಎಂದು ತಿಳಿದ. ಅವಳು ತಾನು ಬಸುವಿಗೆ ಬೇಡವಾದೆ ಎಂದು ತಿಳಿದಳು. ಇಬ್ಬರ ನಡುವೆ ನಾನು ಆರತಿ ತಾಟು ಹಿಡಿದು ನಿಂತಿದ್ದೆ.

ಆ ಭಾನುವಾರ ಶಿಬಾನಿದಿಯ ಫೋನು ಬಂತು. ಯಾಕೆ ಬರಲಿಲ್ಲವೆಂದು ಕೇಳಿರಬೇಕು. ನಾನು ಅಡುಗೆಮನೆಯಲ್ಲಿದ್ದೆ. ನೀಲಾ ಬಂಗಾಳಿಯಲ್ಲಿ, "ಆರ್ ಭಾಲೋ ಲಾಗೇ ನಾ, ಶಿಬಾನಿದಿ" ಅನ್ನುವುದು ಕೇಳಿಸಿತು. ಅಷ್ಟು ಬಂಗಾಳಿ ನನಗೆ ಬರುತ್ತದೆ. ಇನ್ನು ಮನಸ್ಸಿಗೆ ಬರುವುದಿಲ್ಲ. ನಾನು ಕಟ್ಟಿ ಹೇಳಿದ ಅದೇ ಮಾತು. ಬಸುವಿನ ಹೆಸರು ಕೆಡಬಾರದೆಂದು ಅವಳು ತಾನಾಗಿ ಹೇಳಿದಳು. ನನ್ನ ಕೈಯಲ್ಲಿದ್ದ ಸೌಟು ಕೆಳಗೆ ಬೀಳಲಿಲ್ಲ, ಏನೂ ಆಗಲಿಲ್ಲ. ಸಾರಿಗೆ ಉಪ್ಪು ಹಾಕಿದೆ.

ಮುಂದಿನ ಸೀಟಿನಲ್ಲಿ ನಾನು ಕೂತೆ. ಬಸು ನನ್ನನ್ನು ಗರಿಯಾಹಾಟ್‌ಗೆ ಕರೆದುಕೊಂಡು ಹೋಗುತ್ತಿದ್ದ, ಸೀರೆ ಅಂಗಡಿಗೆ, ಹಣ್ಣಿಗೆ. ಹೋಗುವಾಗ ಮಾತಿಲ್ಲ, ಬರುವಾಗ ಮಾತಿಲ್ಲ. ಬಿಸಿಲೇನವ್ವಾ ಅನ್ನುತ್ತಿದ್ದ. ಹೂಂ ಅನ್ನುತ್ತಿದ್ದೆ. ಮೊದಲು ಹಿಂದೆ ಕೂತಾಗ ಅವರ ಮಾತಾದರೂ ನನ್ನ ಕಿವಿಗೆ ಬೀಳುತ್ತಿತ್ತು. ಸ್ವಲ್ಪ ದಿನಕ್ಕೆ ನಾನೇ ಮೊಣಕಾಲು ನೋವು ಎಂದು ಹೇಳಿ ಹೋಗುವುದು ಬಿಟ್ಟೆ. ಅಲ್ಲಿಗೆ ಆ ಸೀಟು ನನಗೂ ಇಲ್ಲ, ಅವಳಿಗೂ ಇಲ್ಲ.

ಶಿಬಾನಿದಿ ಬಸ್ಸು ಹಿಡಿದು ಒಂದೆರಡು ಸಲ ಮನೆಗೆ ಬಂದಳು. ಅವಳ ಕಾಲೂ ಸರಿಯಿರಲಿಲ್ಲ. ಆಮೇಲೆ ಫೋನು ಮಾತ್ರ. ಆಮೇಲೆ ಅವಳ ಮಗನ ಫೋನು. ಶ್ರಾದ್ಧಕ್ಕೆ ಮನೆಯಿಂದ ಹೋದವರು ನಾನು ಮತ್ತು ಬಸು. ನಾನು ಮುಂದೆ ಕೂತಿದ್ದೆ. ನೀಲಾ ಬಾಲ್ಕನಿಯಿಂದ ಕಾರು ತಿರುಗುವವರೆಗೆ ನೋಡುತ್ತಿದ್ದಳು. ಹೋಗಿ ಬಂದಮೇಲೆ, "ಫೋಟೋ ಯಾವುದು ಇಟ್ಟಿದ್ರು?" ಎಂದಷ್ಟೇ ಕೇಳಿದಳು. ನಾನು ಸರಿಯಾಗಿ ನೋಡಿರಲಿಲ್ಲ.

ಹೊರಗೆ ಹೋಗುವುದು ನಿಂತಮೇಲೆ ಕುರ್ಚಿಯಲ್ಲಿ ಕೂಡುವುದೂ ಕಡಿಮೆಯಾಯಿತು. ಎಲ್ಲಿಗೆ ಹೋಗಲಿಕ್ಕಿದೆ ಎಂದು ಏಳಬೇಕು? ಸೊಂಟ ಬಿಗಿಯಿತು, ತೋಳಿನ ಶಕ್ತಿ ಹೋಯಿತು. ಈಗ ದಿಂಬು ಕೊಟ್ಟು ಕೂಡಿಸಿದರೂ ಸ್ವಲ್ಪ ಹೊತ್ತಿಗೆ ಒರಗಿಬಿಡುತ್ತಾಳೆ. ಕೂಡುವ ರೂಢಿ ಬಿಡಿಸಬಾರದಿತ್ತು ಅಂದರು ಡಾಕ್ಟರು. ಬೆನ್ನಿಗೆ ಹುಣ್ಣಾಗಿದೆ. ನಾನೇ ತೊಳೆದು ಔಷಧ ಹಚ್ಚುತ್ತೇನೆ. ಇದನ್ನು ನನ್ನ ಲೆಕ್ಕಕ್ಕೆ ಪುಣ್ಯ ಬರಲಿ ಎಂದು ಬರೆಯುತ್ತಿಲ್ಲ. ಹುಣ್ಣು ಯಾರಿಂದ ಆಯಿತೆಂದು ಬರೆಯುತ್ತಿದ್ದೇನೆ.

ಹೋದ ವಾರ ಬಸು ಕಾರು ಬದಲಿಸುವ ಮಾತು ಮತ್ತೆ ತೆಗೆದ. ಈಗ ಅವನಿಗೆ ದೊಡ್ಡ ಹುದ್ದೆ. ಹಜಾರದಲ್ಲಿ ಕೂತು ಗಟ್ಟಿಯಾಗಿಯೇ ಹೇಳಿದ: "ಈ ಸಲ ಹೈಬ್ರಿಡ್ ತಗೊಳಾಕ ಆಗ್ತೈತಿ ಅವ್ವಾ. ಡಿಕ್ಕಿನೂ ದೊಡ್ಡದು. ಆದ್ರ ಇನ್ನ ಯಾರ ಸಲುವಾಗಿ? ಅತ್ತಿ ಆವಾಗ ತಾನ ಬ್ಯಾಡ ಅಂದ್ಲು. ಅಂದದ್ದ ಛಲೋ ಆತು, ಇಲ್ಲಾಂದ್ರ ಈಗ ಬಿಡೂದು ಭಾಳ ತ್ರಾಸ ಆಗ್ತಿತ್ತು ಅಕಿಗೆ."

ನೀಲಾಳ ಬಾಗಿಲು ತೆರೆದಿತ್ತು.

ಬಸು ಹೊರಗೆ ಹೋದಮೇಲೆ ನಾನು ಚಹಾ ತೆಗೆದುಕೊಂಡು ಅವಳ ಹತ್ತಿರ ಹೋದೆ. ಅವಳು ನನ್ನ ಮುಖ ನೋಡಿದಳು. ಸಿಟ್ಟಿರಲಿಲ್ಲ. ಉತ್ತರ ತಪ್ಪಿದ ಹುಡುಗಿಯನ್ನು ಪಾಠ ಹೇಳುವವರು ನೋಡುತ್ತಾರಲ್ಲ, ಎಲ್ಲಿ ತಪ್ಪಿತೆಂದು ಹುಡುಕಿಕೊಂಡು — ಹಾಗೆ.

"ವೈನಿ, ಆ ಹಲಗಿ ಎಲ್ಲಿ ಐತ್ರಿ?"

"ಅಡಿಗಿಮನ್ಯಾಗ" ಅಂದೆ. "ಉಪ್ಪಿನಕಾಯಿ ಭರಣಿ ಕೆಳಗ."

"ಹೂಂ" ಅಂದಳು. ಚಹಾ ಕುಡಿದಳು. ಅಂದಿನಿಂದ ಇಲ್ಲಿಯವರೆಗೆ ಅದರ ಬಗ್ಗೆ ಇನ್ನೊಂದು ಮಾತಿಲ್ಲ. ಬಸುವಿಗೂ ಹೇಳಿಲ್ಲ. ನಾನೇ ಹೇಳಲಿ ಎಂದು ಕಾಯುತ್ತಿದ್ದಾಳೋ, ಅಥವಾ ಇನ್ನು ನನ್ನಿಂದ ಏನನ್ನೂ ಕೇಳುವುದು ಬೇಡವಾಗಿದೆಯೋ. ನನಗೆ ಗೊತ್ತಿಲ್ಲ. ಕೇಳಬೇಕು.

ಇವತ್ತು ಭರಣಿಗಳನ್ನು ಇಳಿಸಿ ಹಲಗೆ ತೊಳೆದೆ. ಸೀಗೆಪುಡಿ ಹಾಕಿ ತಿಕ್ಕಿದರೂ ಎಣ್ಣೆಯ ಕಲೆ ಹೋಗಲಿಲ್ಲ. ಹಾಗೆಯೇ ಒರೆಸಿ ಅವಳ ಕೋಣೆಯ ಗೋಡೆಗೆ ಒರಗಿಸಿದೆ. ಅದರಿಂದ ಈಗ ಏನೂ ಉಪಯೋಗವಿಲ್ಲ. ಅವಳು ಜಾರಿ ಕೂಡುವುದಿಲ್ಲ, ಕೆರೆಯ ದಂಡೆಯಲ್ಲಿ ಕಾಯುವವರೂ ಇಲ್ಲ. ನಾನು ಹೇಳಿದರೂ ಹಿಂದಿರುಗಿ ಬರುವುದು ಏನೂ ಇಲ್ಲ. ನೀಲಾ, ಬಸು ಇಬ್ಬರೂ ಒಬ್ಬರನ್ನೊಬ್ಬರು ಬಿಟ್ಟುಕೊಟ್ಟಿರಲಿಲ್ಲ ಎಂಬುದು ಮಾತ್ರ ತಿಳಿಯುತ್ತದೆ. ಅದೂ ಈಗ.

ನಾಳೆ ಭಾನುವಾರ. ಬಸು ಮನೆಯಲ್ಲಿರುತ್ತಾನೆ. ಅವನನ್ನು ನೀಲಾಳ ಹಾಸಿಗೆಯ ಹತ್ತಿರ ಕೂಡಿಸಿ ಇಬ್ಬರಿಗೂ ಒಟ್ಟಿಗೇ ಹೇಳುತ್ತೇನೆ. ಬೇರೆ ಬೇರೆಯಾಗಿ ಹೇಳಲು ಹೋದರೆ ಅವಳಿಗೊಂದು ಹೇಳಿ ಅವನಿಗೊಂದು ಹೇಳುತ್ತೇನೆ. ನನ್ನ ಬಾಯಿ ನನಗೆ ಗೊತ್ತು.