ಬಲಗಡೆ ಗಾಲಿಯ ಎಂಟು ನಟ್ಟು

ನಮ್ಮ ಮನೆಯಲ್ಲಿ ಟ್ರ್ಯಾಕ್ಟರ್ ಓಡಿಸುತ್ತಿದ್ದವಳು ಅಕ್ಕ. ಗಂಡ ತೀರಿಕೊಂಡ ಮೇಲೆ ನಮ್ಮೂರು ಮಸೂತಿಗೆ ವಾಪಸು ಬಂದು, ಒಂದು ವರ್ಷ ಯಾರ ಜೊತೆಗೂ ಸರಿಯಾಗಿ ಮಾತಾಡದೆ ಕೂತಿದ್ದಳು. ಆಮೇಲೆ ಒಂದು ಮುಂಜಾನೆ ಎದ್ದವಳೇ ಅಪ್ಪ ಬಿಟ್ಟುಹೋದ ಹಳೆಯ ಟ್ರ್ಯಾಕ್ಟರ್ ಹತ್ತಿದಳು. ಅದು ವಯಸ್ಸಿನಲ್ಲಿ ನನಗಿಂತ ದೊಡ್ಡದು. ಊರಿನವರು ಮೊದಲು ನಕ್ಕರು; ಎರಡನೆಯ ಸುಗ್ಗಿಗೆ ಅವರೇ ಮನೆ ಬಾಗಿಲಿಗೆ ಬಂದು ರಂಟೆ ಹೊಡೆದು ಹೊಲ ಉಳಲು ಕರೆದರು. ಓಡಿಸುವುದು ಅವಳ ಕೆಲಸ, ರಿಪೇರಿ ನನ್ನದು ಎಂದು ನಮ್ಮಿಬ್ಬರ ನಡುವೆ ತಾನಾಗಿಯೇ ಹಂಚಿಕೆಯಾಯಿತು.

ನಾಲ್ಕು ವರ್ಷದ ಹಿಂದೆ, ಜೋಳದ ರಾಶಿ ಮುಗಿದಿದ್ದ ದಿನಗಳಲ್ಲಿ, ಬಲಗಡೆಯ ಹಿಂದಿನ ಟೈರು ಸೀಳಿತು. ಗಾಲಿ ಬಿಚ್ಚಿ ಹೊಸ ಟೈರು ಹಾಕಿಸಿಕೊಂಡು ಬಂದೆ. ಹೇಗೂ ಬಿಚ್ಚಿದೆಯಲ್ಲ ಎಂದು ಗಾಲಿಯ ತಟ್ಟೆಗೂ, ಅದು ಕೂರುವ ಹಬ್‌ಗೂ ಕೆಂಪು ಬಣ್ಣ ಬಳಿದೆ. ಎರಡು ಕೈ, ದಪ್ಪಗೆ. ನೋಡಲು ಚೆನ್ನಾಗಿತ್ತು. ಅದು ಪೂರ್ತಿ ಒಣಗುವ ಮೊದಲೇ ಗಾಲಿ ಏರಿಸಿ, ಎಂಟು ನಟ್ಟುಗಳನ್ನು ಒಂದರ ಪಕ್ಕ ಒಂದರಂತೆ ಸುತ್ತಲೂ ಬಿಗಿಯುತ್ತ ಹೋದೆ. ನಟ್ಟು ತಿರುಗಿಸುವ ಪಾನಾದ ಹಿಡಿಕೆಗೆ ಉದ್ದನೆಯ ಪೈಪು ತೊಡಿಸಿ, ಅದರ ಮೇಲೆ ನಿಂತು ಜಿಗಿದೆ. ಇನ್ನು ಆನೆ ಎಳೆದರೂ ಬಿಚ್ಚುವುದಿಲ್ಲ ಎಂದುಕೊಂಡೆ.

ಅಕ್ಕ ನೋಡುತ್ತ ನಿಂತಿದ್ದಳು. ಹೊಲಕ್ಕೆ ಹೋಗಿ ಒಂದು ತಾಸು ಓಡಿಸಿ ಬಂದ ಮೇಲೆ ನಟ್ಟುಗಳನ್ನು ಮತ್ತೊಮ್ಮೆ ಬಿಗಿಯಬೇಕು, ಅಪ್ಪ ಯಾವಾಗಲೂ ಹಾಗೆ ಮಾಡುತ್ತಿದ್ದ ಎಂದಳು. ಆಗಲಿ ಎಂದೆ. ಅವಳು ಹೋಗಿ ಬಂದಾಗ ನಾನು ಊಟಕ್ಕೆ ಕೂತಿದ್ದೆ. ಆಮೇಲೆ ನೆನಪಾಯಿತು, ನೆನಪಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಜಿಗಿದು ಬಿಗಿದದ್ದನ್ನು ಇನ್ನೇನು ಬಿಗಿಯುವುದು ಎಂಬ ಸೊಕ್ಕು ಅಡ್ಡ ಬಂತು.

ಮರುದಿನ ಬೆಳಿಗ್ಗೆ ಬಸವನ ಬಾಗೇವಾಡಿಗೆ ಕಣಿಕೆ, ಜೋಳದ ದಂಟಿನ ಮೇವು, ಒಯ್ಯುವುದಿತ್ತು. ಟ್ರಾಲಿಯ ತುಂಬ ಒಟ್ಟಿ ಹಗ್ಗ ಬಿಗಿದಿದ್ದೆವು. ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ಹತ್ತುವಾಗ ಕೇಳಿದಳು.

"ನಟ್ಟು ಮತ್ತ ಬಿಗದಿ ಏನ?"

"ಹ್ಞೂ, ಬಿಗದೇನಿ," ಎಂದೆ.

ಅಷ್ಟು ಸಲೀಸಾಗಿ ಬಂತು ಅದು ಬಾಯಿಂದ.

ನಾನು ಬೈಕಿನಲ್ಲಿ ಹಿಂದೆ ಹೊರಟೆ. ಕಣಿಕೆಯ ಹೊರೆ ಎರಡೂ ಬದಿಗೆ ಚಾಚಿಕೊಂಡಿದ್ದರಿಂದ ಮುಂದಿನ ಗಾಲಿ, ಹಿಂದಿನ ಗಾಲಿ ಏನೂ ಕಾಣುತ್ತಿರಲಿಲ್ಲ. ಊರು ದಾಟಿ ಎಷ್ಟೋ ದೂರ ಹೋದ ಮೇಲೆ, ಡಾಂಬರಿನ ಮೇಲೆ ಒಂದು ನಟ್ಟು ಬಿದ್ದಿರುವುದು ಕಂಡಿತು. ನಾನು ಬಳಿದ ಕೆಂಪು ಬಣ್ಣ ಮೆತ್ತಿಕೊಂಡ ನಟ್ಟು. ಹಾರ್ನ್ ಒತ್ತಿ ಹಿಡಿದು ಟ್ರಾಲಿಯ ಬಲಕ್ಕೆ ಬಂದೆ. ಆ ಎಂಜಿನ್ನಿನ ಸದ್ದಿನಲ್ಲಿ ಅವಳಿಗೆ ಯಾವ ಹಾರ್ನೂ ಕೇಳುತ್ತಿರಲಿಲ್ಲ. ಗಾಲಿ ಕುಡಿದವನ ಹಾಗೆ ತೂರಾಡುತ್ತಿತ್ತು. ನಾನು ಅವಳ ಸಮಕ್ಕೆ ಬರುವ ಮೊದಲೇ ಅದು ಕಳಚಿ, ಒಂದು ಕ್ಷಣ ತನ್ನಷ್ಟಕ್ಕೆ ನೆಟ್ಟಗೆ ಉರುಳಿ, ತೊಗರಿ ಕೊಯ್ದ ಹೊಲಕ್ಕೆ ಇಳಿಯಿತು. ಟ್ರ್ಯಾಕ್ಟರ್ ಬಲಕ್ಕೆ ಕುಸಿದು ರಸ್ತೆಯನ್ನು ಉಜ್ಜುತ್ತ ನಿಂತಿತು. ಅಕ್ಕ ಕೆಳಗೆ ಬಿದ್ದಿದ್ದಳು. ಮಡ್‌ಗಾರ್ಡಿನ ಅಂಚಿನಡಿ ಅವಳ ಬಲಗೈ ಸಿಕ್ಕಿಕೊಂಡಿತ್ತು.

ಅವಳು ಕೂಗಲಿಲ್ಲ. ಎಂಜಿನ್ ಆರಿಸು ಎಂದಳು. ಆರಿಸಿದೆ. ಬಸ್ಸಿನಿಂದ ಇಳಿದ ಜನ, ಹೊಲದಿಂದ ಓಡಿ ಬಂದ ಜನ ಸೇರಿ ಎತ್ತಿದರು. ವಿಜಯಪುರಕ್ಕೆ ಒಯ್ದೆವು. ಸಂಜೆ ಡಾಕ್ಟರು ಹೊರಗೆ ಬಂದು, ಮೊಣಕೈಗಿಂತ ಮೇಲಕ್ಕೆ ತೆಗೆಯಬೇಕಾಯಿತು, ಜೀವ ಉಳಿದಿದೆ ಎಂದರು. ಅವ್ವ ನೆಲದ ಮೇಲೆ ಕೂತುಬಿಟ್ಟಳು. ಏನಾಯಿತು ಎಂದು ಕೇಳಿದವರಿಗೆಲ್ಲ ನಾನು, ಹಳೇ ಗಾಡಿ, ಬೋಲ್ಟು ತುಂಡಾದವು ಎಂದೆ. ಯಾರೂ ಮತ್ತೊಂದು ಪ್ರಶ್ನೆ ಕೇಳಲಿಲ್ಲ.

ಎರಡು ತಿಂಗಳ ನಂತರ ಹಬ್ಬನ್ನೂ ಗಾಲಿಯ ತಟ್ಟೆಯನ್ನೂ ಮುದ್ದೇಬಿಹಾಳಕ್ಕೆ ಒಯ್ದೆ. ಅಲ್ಲಿ ಅಪ್ಪನ ಕಾಲದಿಂದ ನಮ್ಮ ಗಾಡಿ ನೋಡುತ್ತಿದ್ದ ಮೇಸ್ತ್ರಿ ಒಬ್ಬರಿದ್ದರು. ನಾವು ಚಾಚಾ ಎನ್ನುತ್ತಿದ್ದೆವು. ಅವರಿಗೂ ಬೋಲ್ಟು ತುಂಡಾದವು ಎಂದೇ ಹೇಳಿದೆ. ಅವರು ಕನ್ನಡಕ ಏರಿಸಿ, ತಟ್ಟೆಯ ತೂತುಗಳಲ್ಲಿ ಬೆರಳಿಟ್ಟು ಸವರಿದರು. ದುಂಡಗಿರಬೇಕಾದ ತೂತುಗಳು ಮೊಟ್ಟೆಯಾಕಾರಕ್ಕೆ ಸವೆದಿದ್ದವು.

"ಇವು ತುಂಡಾಗಿದ್ದಲ್ಲ, ಸಡ್ಲಾಗಿದ್ದು," ಎಂದರು. "ಗಾಲಿ ಮತ್ತ ಹಬ್ಬಿನ ನಡುವ ಬಣ್ಣ ಯಾಕ ಬಳದ್ರಿ? ಬಣ್ಣ ಒತ್ತಿ ತೆಳ್ಳಗಾಗತೈತಿ. ಅದು ತೆಳ್ಳಗಾದಷ್ಟೂ ನಟ್ಟಿನ ಬಿಗಿ ಹೋಗತೈತಿ. ಒಂದು ತಾಸಿಗೆ ಮತ್ತ ಬಿಗದಿದ್ರ ಆಗ ಗೊತ್ತಾಗತಿತ್ತು."

ಅವರು ಬೈಯಲಿಲ್ಲ. ಹಳೆಯ ತಟ್ಟೆ, ನಟ್ಟು, ಬೋಲ್ಟು ಒಂದನ್ನೂ ಉಳಿಸಬೇಡ ಎಂದು ಹೊಸವನ್ನು ಕೊಟ್ಟರು. ಪೈಪಿನ ಮೇಲೆ ಜಿಗಿದರೆ ಬೋಲ್ಟು ಒಳಗೊಳಗೇ ಹಿಗ್ಗಿ ಸತ್ವ ಕಳೆದುಕೊಳ್ಳುತ್ತದೆ ಎಂದು ಹೇಳಿ, ಎಷ್ಟು ಬಿಗಿಯಾಯಿತೆಂದು ಮುಳ್ಳಿನಲ್ಲಿ ತೋರಿಸುವ ತಮ್ಮ ಪಾನಾವನ್ನೇ ಕೆಲವು ದಿನ ಇಟ್ಟುಕೋ ಎಂದು ಕೈಗಿತ್ತರು.

ಗಾಲಿ ಏರಿಸುವ ದಿನ ಅಕ್ಕ ಕಟ್ಟೆಯ ಮೇಲೆ ಬಂದು ಕೂತಳು. ತಂತಿಯ ಬ್ರಷ್ಷಿನಿಂದ ಎರಡೂ ಮುಖಗಳನ್ನು ಹೊಳೆಯುವ ಲೋಹ ಕಾಣುವವರೆಗೆ ಉಜ್ಜಿದೆ. ಹೊಸ ಬೋಲ್ಟುಗಳ ಎಳೆಗಳಿಗೆ ಹತ್ತಿದ ದೂಳು, ಜಿಡ್ಡು ಒರೆಸಿದೆ. ಎಂಟೂ ನಟ್ಟುಗಳನ್ನು ಮೊದಲು ಬೆರಳಿನಿಂದಲೇ ತಿರುಗಿಸಿ ಕೂರಿಸಿ, ಒಂದನ್ನು ಬಿಗಿದರೆ ಮುಂದಿನದು ಅದರ ಎದುರಿನದು, ಹೀಗೆ ಅಡ್ಡಡ್ಡಕ್ಕೆ ಸ್ವಲ್ಪ ಸ್ವಲ್ಪವೇ ಬಿಗಿದೆ. ಆಮೇಲೆ ಜಾಕಿ ಇಳಿಸಿ, ಟೈರು ನೆಲಕ್ಕೆ ತಾಗಿ ತಿರುಗದಂತಾದ ಮೇಲೆ, ಚಾಚಾ ಹೇಳಿದ ಅಂಕಿಗೆ ಮುಳ್ಳು ಬರುವವರೆಗೆ ಮತ್ತೆ ಎರಡು ಸುತ್ತು. ಕೊನೆಯ ಸುತ್ತಿನಲ್ಲಿ ಐದನೆಯ ನಟ್ಟು ಬಿಗಿದವನು ಪಾನಾ ಕೆಳಗಿಟ್ಟೆ.

"ಅಕ್ಕಾ, ಅವತ್ತ ನಾ ಬಿಗದಿರ್ಲಿಲ್ಲ."

"ಗೊತ್ತೈತಿ," ಎಂದಳು. "ಊರು ದಾಟಿದ ಕೂಡ್ಲೆ ಟಕ್ ಟಕ್ ಅನ್ನಾಕತ್ತಿತ್ತು. ಇಳದು ನೋಡೋಣ ಅಂದ್ಕೊಂಡೆ. ನೀ ಬಿಗದೇನಿ ಅಂದಿದ್ದಿ. ಹಂಗಾರ ಟ್ರಾಲಿದ ಸಪ್ಪಳ ಇರಬೇಕು ಅಂತ ಹೊಡಕೊಂತ ಹೋದೆ."

ನಾನು ಅಳುತ್ತಿದ್ದೆ. ಅವಳು ಅಳಲಿಲ್ಲ, ನನಗೆ ಸಮಾಧಾನವನ್ನೂ ಹೇಳಲಿಲ್ಲ. ಉಳಿದ ಮೂರು ಬಿಗಿ ಎಂದಳು. ಬಿಗಿದೆ. ಎದ್ದು ಒಳಗೆ ಹೋಗುವಾಗ, ಜನರ ಮುಂದೆ ತಪ್ಪನ್ನು ಬೋಲ್ಟಿನ ಮೇಲೆ ಹಾಕುತ್ತ ಅಡ್ಡಾಡಬೇಡ ಎಂದಷ್ಟೇ ಹೇಳಿದಳು.

ಆ ದಿನವೇ ಅವ್ವನಿಗೆ ಹೇಳಿದೆ. ಅವಳು ನನ್ನ ಜೊತೆ ಮಾತು ಬಿಟ್ಟು ಮಳೆಗಾಲ ಮುಗಿಯಿತು, ಚಳಿಗಾಲವೂ ಮುಗಿಯಿತು. ಈಗ ಟ್ರ್ಯಾಕ್ಟರ್ ಓಡಿಸುವವನು ನಾನು. ಗಾಲಿ ಬಿಚ್ಚಿ ಹಾಕಿದಾಗಲೆಲ್ಲ ಒಂದು ತಾಸಿಗೆ ನಿಲ್ಲಿಸಿ ಬಿಗಿಯುತ್ತೇನೆ, ಸಂಜೆಗೆ ಇನ್ನೊಮ್ಮೆ. ಅಕ್ಕ ಎಡಗೈಯಲ್ಲಿ ರೊಟ್ಟಿ ತಟ್ಟುವುದನ್ನು ಕಲಿತಿದ್ದಾಳೆ. ನನ್ನ ತಾಟಿಗೂ ಹಾಕುತ್ತಾಳೆ. ಆದರೆ ಮನೆಯಲ್ಲಿ ನಾನು ಏನಾದರೂ ಮಾಡಿದ್ದೇನೆ ಎಂದರೆ, ಬಾಗಿಲು ಹಾಕಿದ್ದೇನೆ ಎಂದರೂ ಸರಿ, ದನಕ್ಕೆ ನೀರಿಟ್ಟಿದ್ದೇನೆ ಎಂದರೂ ಸರಿ, ಅವಳು ಎದ್ದು ಹೋಗಿ ನೋಡಿ ಬರುತ್ತಾಳೆ.