ಎಂಜಿನ್‌ಗೆ ಮುಡಿಸಿದ ಹೂವು

ದಿನಚರಿಯ ಹಾಳೆಯನ್ನು ನಾನು ಹರಿದದ್ದು ಒಂದೇ ಸಲ. ಅದೂ ಪೊನ್ನಂಪೇಟೆಯ ಒಂದು ಗ್ಯಾರೇಜಿನ ಅಂಗಳದಲ್ಲಿ, ಅವ್ವನ ಕಣ್ಣೆದುರಿಗೆ.

ಹೈಸ್ಕೂಲಿನಿಂದಲೂ ನನಗೆ ದಿನಚರಿ ಬರೆಯುವ ಅಭ್ಯಾಸ. ಅದರಲ್ಲಿ ಮನಸ್ಸಿನ ಮಾತು ಕಡಿಮೆ, ಲೆಕ್ಕವೇ ಜಾಸ್ತಿ. ಯಾವತ್ತು ಮಳೆ ಹಿಡಿಯಿತು, ಅವ್ವನ ಸಸಿಗಳಲ್ಲಿ ಎಷ್ಟು ಚಿಗುರಿದವು, ಎಷ್ಟು ಕೊಳೆತವು, ಇಂಥವು. ನಮ್ಮದು ಶನಿವಾರಸಂತೆ ಕಡೆಯ ಊರು. ನನಗೆ ಪೊನ್ನಂಪೇಟೆಯ ಕಚೇರಿಯೊಂದರಲ್ಲಿ ಕೆಲಸ ಸಿಕ್ಕಿದ ಮೇಲೆ ಇಬ್ಬರೂ ಬಿಟ್ಟಂಗಾಲದಲ್ಲಿ ಬಾಡಿಗೆ ಮನೆ ಹಿಡಿದೆವು. ಸುಮ್ಮನೆ ಕೂತು ಗೊತ್ತಿಲ್ಲದ ಅವ್ವ ಮನೆ ಹಿಂದಿನ ಜಾಗಕ್ಕೆ ಹಸಿರು ಬಲೆ ಕಟ್ಟಿ ಕಾಳುಮೆಣಸಿನ ಸಸಿ ಮಾಡತೊಡಗಿದಳು.

ಮೊದಮೊದಲು ಬಂದವರೆಲ್ಲ ಅಕ್ಕಪಕ್ಕದವರು, ಹತ್ತೋ ಇಪ್ಪತ್ತೋ ಸಸಿ ಒಯ್ಯುವವರು. ಈ ಸಲದ ಮುಂಗಾರಿಗೆ ಮಾತ್ರ ಕುಟ್ಟದ ಹತ್ತಿರದ ಒಂದು ಎಸ್ಟೇಟಿನಿಂದ ದೊಡ್ಡ ಆರ್ಡರ್ ಬಂತು. ಅವರಿಗೆ ಸಸಿ ಹಿಡಿಸಿದರೆ ವರ್ಷಾವರ್ಷ ನಮ್ಮಲ್ಲೇ ಕೊಳ್ಳುವ ಮಾತು. ಬಾಡಿಗೆ ಪಿಕಪ್‌ನಲ್ಲಿ ಕಳಿಸೋಣವೆಂದರೆ ಅವ್ವ ಸುತರಾಂ ಒಪ್ಪಲಿಲ್ಲ.

“ಅವ್ರು ಸಸೀನ ಇಟ್ಟಿಗೆ ಎಸೆದಂಗೆ ಎಸೀತಾರೆ. ಕುಡಿ ಮುರಿದ್ರೆ ಇನ್ನೇನೈತೆ ಅದ್ರಲ್ಲಿ? ನಮ್ದೇ ಒಂದು ಗಾಡಿ ಇರ್ಲಿ ಕಣವ್ವ.”

ಹಾಗೆ ಮನೆಗೆ ಬಂದದ್ದು ಹಳೆಯ ಬಿಳಿ ಕಾರು. ಹಿಂದಿನ ಸೀಟು ಮಡಚಿದರೆ ಸಸಿಯ ತಟ್ಟೆಗಳು ಸಾಲಾಗಿ ಕೂರುತ್ತಿದ್ದವು. ಬಂದ ದಿನವೇ ಅವ್ವ ಪೂಜೆಗೆ ನಿಂತಳು. ಮುಂದುಗಡೆ ಒಂದು ಹಾರ ಹಾಕಿ ಮುಗಿಸಬಹುದಿತ್ತು. ಅವ್ವ ಬಾನೆಟ್ ತೆಗೆಸಿದಳು.

“ಹೊರಗಡೆ ಎಲ್ರೂ ಹಾಕ್ತಾರೆ. ದುಡಿಯೋದು ಒಳಗಿರೋದಲ್ವಾ? ಅದಕ್ಕೂ ಒಂದು ಹೂ ಮುಡಿಸಾನ.”

ಎಂಜಿನ್ನಿನ ಮೇಲೆ ಮೂರು ಬೆರಳಿನ ವಿಭೂತಿ ಎಳೆದಳು. ಚೆಂಡುಹೂವಿನ ಗಿಡ್ಡ ಮಾಲೆಯೊಂದನ್ನು ರೇಡಿಯೇಟರಿಗೆ ನೀರು ಹೋಗುವ ದಪ್ಪ ರಬ್ಬರ್ ಪೈಪಿಗೆ ಕಟ್ಟಿದಳು. ಹೂ ಪೋಣಿಸಿದ್ದ ಹತ್ತಿಯ ನೂಲು ಎರಡು ಸಲ ಕಿತ್ತುಹೋಗಿದ್ದರಿಂದ, ಮೆಣಸಿನ ಬಳ್ಳಿಯನ್ನು ಮರಕ್ಕೆ ಕಟ್ಟುವ ಹಸಿರು ಪ್ಲಾಸ್ಟಿಕ್ ಹುರಿಯಲ್ಲೇ ಪೋಣಿಸಿದ್ದಳು. ಕೆಲವು ದಿನಗಳ ಮೇಲೆ ನಾನು ಎಣ್ಣೆ ನೋಡಲು ಬಾನೆಟ್ ಎತ್ತಿದಾಗ ಮಾಲೆ ಕಾಣಲಿಲ್ಲ. ಬಾಡಿ ಉದುರಿರಬೇಕು ಎಂದುಕೊಂಡೆ.

ಮೊದಲ ಲೋಡು ತುಂಬಿಕೊಂಡು ಒಂದು ಶನಿವಾರ ಹೊರಟೆವು. ಕುಟ್ಟದವರೆಗೆ ಕಾರು ಸೊಗಸಾಗಿ ಓಡಿತು. ಎಸ್ಟೇಟಿನ ಗೇಟು ದಾಟಿದ ಮೇಲೆ ಬಂಗಲೆಗೆ ಹೋಗುವ ದಾರಿ ಮಾತ್ರ ಗೋಡೆ ಹತ್ತಿದಂತೆ. ಮೊದಲ ಗೇರಿನಲ್ಲಿ, ತಿರುವಿಗೊಮ್ಮೆ ಉಸಿರು ಹಿಡಿದು ಹತ್ತಬೇಕು. ಅರ್ಧ ಹತ್ತುವಷ್ಟರಲ್ಲಿ ಶಾಖದ ಮುಳ್ಳು ಕೆಂಪಿಗೆ ಮುಟ್ಟಿತು. ಬಾನೆಟ್ಟಿನ ಸಂದಿಯಿಂದ ಹಬೆ ಎದ್ದಿತು. ನಾನು ಬ್ರೇಕ್ ತುಳಿದು ಕೂತೆ. ಅವ್ವ ಇಳಿದು ಚಕ್ರದ ಹಿಂದೆ ಒಂದು ದಪ್ಪ ಕಲ್ಲು ಒತ್ತಿಟ್ಟಳು. ಆಮೇಲೆ ಕೊಡೆ ಬಿಚ್ಚಿ ಹಿಂದಿನ ಗಾಜಿಗೆ ಅಡ್ಡ ಹಿಡಿದಳು, ಸಸಿಗೆ ಬಿಸಿಲು ತಾಗದಂತೆ.

ಎಸ್ಟೇಟಿನ ರೈಟರ್, ಅಂದರೆ ಅಲ್ಲಿನ ಆಳುಕಾಳಿನ ಹಾಜರಿ ನೋಡುವವರು, ಬೈಕಿನಲ್ಲಿ ಇಳಿದು ಬಂದರು. ಹಬೆ ನೋಡಿ ನಕ್ಕರು.

“ಎಂಥ ಅಮ್ಮ, ಸಸಿ ತಂದದ್ದಾ? ಇಲ್ಲ ಕಾಫಿಗೆ ನೀರು ಕಾಯಿಸ್ಕೊಂಡು ಬಂದದ್ದಾ?”

ಅವ್ವನ ಮುಖ ಕಪ್ಪಿಟ್ಟಿತು. ಟ್ರ್ಯಾಕ್ಟರ್ ಬಂದು ಸಸಿಯನ್ನು ಮೇಲೆ ಒಯ್ದಿತು. ಹೋಗುವಾಗ ರೈಟರ್ ನಗು ಬಿಟ್ಟು ಹೇಳಿದರು: “ಸಸಿ ಒಳ್ಳೇದುಂಟು. ಆದ್ರೆ ಬುಧವಾರ ನೆಡ್ಲಿಕ್ಕೆ ಜನ ಹೇಳಿ ಆಗಿದೆ. ಅವತ್ತು ಬೆಳಿಗ್ಗೆ ಬಾಕಿದ್ದು ಮೇಲೆ ಬಂದಿರ್ಬೇಕು. ಟ್ರ್ಯಾಕ್ಟರ್ ಪುನಃ ಕೆಳಗೆ ಕಳಿಸ್ಲಿಕ್ಕೆ ಆಗೋದಿಲ್ಲ. ನಿಮ್ಮದು ಬರದಿದ್ರೆ ಬೇರೆ ನರ್ಸರಿಯವರಿಗೆ ಹೇಳ್ಬೇಕಾಗ್ತದೆ, ಬೇಜಾರು ಮಾಡ್ಬೇಡಿ.”

ಕಾರು ತಣ್ಣಗಾದ ಮೇಲೆ ನೀರು ತುಂಬಿಸಿ, ಹೆದರುತ್ತಲೇ ಪೊನ್ನಂಪೇಟೆಯ ಗ್ಯಾರೇಜಿಗೆ ತಂದೆವು. ಅಲ್ಲಿನ ರಿಪೇರಿ ಮೇಸ್ತ್ರಿಯ ಮನೆಮಾತು ಮಲಯಾಳ. ಕನ್ನಡವನ್ನೂ ಅದೇ ರಾಗದಲ್ಲಿ ಆಡುತ್ತಿದ್ದರು. ರೇಡಿಯೇಟರಿನ ಮುಚ್ಚಳ ಸಡಿಲವೆಂದು ಬದಲಿಸಿದರು. ಒಂದು ಪೈಪು ಬಿರುಕು ಬಿಟ್ಟಿತ್ತು, ಅದನ್ನೂ ತೆಗೆದರು. ಒಳಗಿನ ತುಕ್ಕು ನೀರನ್ನೆಲ್ಲ ಚೆಲ್ಲಿ, ಎಂಜಿನ್ ತಣಿಸುವ ಕೂಲೆಂಟ್ ತುಂಬಿದರು. ಭಾನುವಾರ ನಾನು ಹತ್ತಿರದ ಒಂದು ಏರಿನಲ್ಲಿ ನಿಧಾನವಾಗಿ ಹತ್ತಿಸಿ ನೋಡಿದೆ. ಮುಳ್ಳು ಮತ್ತೆ ಕೆಂಪಿಗೆ. ಸೋಮವಾರ ಥರ್ಮೋಸ್ಟ್ಯಾಟ್ ಬದಲಾಯಿತು. ಎಂಜಿನ್ ಬಿಸಿಯಾದಾಗ ನೀರಿಗೆ ದಾರಿ ಬಿಡುವ ಬಾಗಿಲು ಅದು ಎಂದು ಮೇಸ್ತ್ರಿ ವಿವರಿಸಿದರು. ಸಂಜೆ ಅದೇ ಏರು, ಅದೇ ಕೆಂಪು. ದಿನಚರಿಯಲ್ಲಿ ಕೆಂಪಿಗೆಂದೇ ಒಂದು ಸಾಲು ಶುರುವಾಯಿತು.

ಮಂಗಳವಾರ ಅರ್ಧ ದಿನ ರಜೆ ಹಾಕಿ ಗ್ಯಾರೇಜಿಗೆ ಹೋದೆ. ಅವ್ವನೂ ಬಂದಳು. ಮೇಸ್ತ್ರಿ ಕೈ ಒರೆಸಿಕೊಳ್ಳುತ್ತಾ ಹೇಳಿದರು: “ಇನ್ನು ಹೆಡ್ ಬಿಚ್ಚಿ ನೋಡ್ಬೇಕು ಮೇಡಂ. ಎಂಜಿನ್ನಿನ ತಲೆ. ಒಂದು ವಾರ ಗಾಡಿ ಇಲ್ಲೇ ಇರ್ಲಿ.”

“ನಾಳೆ ಬುಧವಾರ,” ಅಂದಳು ಅವ್ವ. ಗೋಡೆಗೆ ಒರಗಿಸಿದ್ದ ಟಯರಿನ ಮೇಲೆ ಕೂತುಬಿಟ್ಟಳು.

ಆ ಕೂತ ರೀತಿ ನೋಡಿ ನನಗೆ ಹಟ ಬಂತು. ಕೆಂಪು ಬಂದದ್ದೆಲ್ಲ ಏರಿನಲ್ಲಿ, ನಡಿಗೆಯ ವೇಗದಲ್ಲಿ. ಗೋಣಿಕೊಪ್ಪದ ನೇರ ರಸ್ತೆಯಲ್ಲಿ ಎಷ್ಟು ಓಡಿಸಿದರೂ ಮುಳ್ಳು ಮಿಸುಕಿರಲಿಲ್ಲ. ಓಡುವಾಗ ಗಾಳಿ ತಾನಾಗಿ ಬಡಿದು ರೇಡಿಯೇಟರ್ ತಣಿಸುತ್ತದೆ. ತೆವಳುವಾಗ ಗಾಳಿ ಎಳೆಯಬೇಕಾದದ್ದು ಅದರ ಹಿಂದಿನ ಫ್ಯಾನು.

“ಫ್ಯಾನ್ ಸರಿ ಇದೆಯಾ?” ಅಂತ ಕೇಳಿದೆ.

“ಮೊದಲ ದಿವಸವೇ ನೋಡಿದ್ದೇನಲ್ಲ. ತಿರುಗ್ತಾ ಉಂಟು.” ಎಂಜಿನ್ ಚಾಲೂ ಮಾಡಿ, ಆ ಫ್ಯಾನೂ ತಿರುಗಲೆಂದು ಎ.ಸಿ. ಹಾಕಿದರು. ಫ್ಯಾನು ತಿರುಗಿತು.

ತಿರುಗುವುದು ನನಗೂ ಕಾಣುತ್ತಿತ್ತು. ಎಷ್ಟು ಜೋರಾಗಿ ತಿರುಗಬೇಕು ಎನ್ನುವುದು ಗೊತ್ತಿರಲಿಲ್ಲ. ಅಳೆಯಲು ಪಕ್ಕದಲ್ಲಿ ಇನ್ನೊಂದು ಬೇಕು. ಅಂಗಳದಲ್ಲಿ ನಮ್ಮದೇ ಮಾದರಿಯ ಕೆಂಪು ಕಾರೊಂದು ಎಣ್ಣೆ ಬದಲಾಯಿಸಲು ಬಂದು ನಿಂತಿತ್ತು. ಅದನ್ನೂ ಹಾಗೇ ಚಾಲೂ ಮಾಡಿ ಅಂದೆ. ಮೇಸ್ತ್ರಿ ಹುಬ್ಬು ಹಾರಿಸಿದರೂ ಮಾಡಿದರು. ಆಗಲೇ ನಾನು ಚೀಲದಿಂದ ದಿನಚರಿ ತೆಗೆದು ಮಂಗಳವಾರದ ಖಾಲಿ ಹಾಳೆಯನ್ನು ಚರ್ರೆಂದು ಹರಿದದ್ದು.

“ಅಯ್ಯೋ! ನೀನು ಹರಿದ್ಯಾ?” ಅವ್ವ ಟಯರಿನಿಂದ ಎದ್ದೇಬಿಟ್ಟಳು.

ಕೆಂಪು ಕಾರಿನ ಮುಂದಿನ ಜಾಲರಿಯ ಹತ್ತಿರ ಹಾಳೆ ಹಿಡಿದು ಕೈ ಬಿಟ್ಟೆ. ಫಟ್ಟೆಂದು ಅಂಟಿಕೊಂಡಿತು, ಯಾರೋ ಒಳಗಿಂದ ಹಿಡಿದುಕೊಂಡ ಹಾಗೆ. ಅದನ್ನೇ ತಂದು ನಮ್ಮ ಕಾರಿಗೆ ಹಿಡಿದೆ. ಕೈ ಬಿಟ್ಟೆ. ಹಾಳೆ ಮೆಲ್ಲಗೆ ಜಾರಿ ನೆಲಕ್ಕೆ ಬಿತ್ತು.

ಮೂವರೂ ಹಾಳೆಯನ್ನೇ ನೋಡಿದೆವು.

“ಅದ್ರದು ಎಳೀತದೆ, ನಮ್ದು ಎಳೀತಿಲ್ಲ,” ಅಂದಳು ಅವ್ವ.

ಮೇಸ್ತ್ರಿ ಸ್ಪ್ಯಾನರ್ ತೆಗೆದುಕೊಂಡರು. ಫ್ಯಾನ್ ಹೊರಬಂತು. ರೆಕ್ಕೆಯ ಹಿಂದೆ, ಮೋಟರಿನ ದಂಡಕ್ಕೆ ಏನೋ ಬಿಗಿಯಾಗಿ ಸುತ್ತಿ ಉಂಡೆಯಾಗಿತ್ತು. ಟೀ ಸೊಪ್ಪಿನಂತೆ ಕರಕಲಾದ ಹೂವಿನ ಎಸಳು, ಅದರೊಳಗಿಂದ ಹಸಿರು ಹುರಿ. ಮೇಸ್ತ್ರಿ ಇಕ್ಕಳದಲ್ಲಿ ತುದಿ ಹಿಡಿದು ಎಳೆದರು. ಬರುತ್ತಾ ಬರುತ್ತಾ ಮೊಳದುದ್ದ ಬಂತು. ಕೊನೆಯಲ್ಲಿ ಒಂದು ಗಂಟು.

ಅವ್ವ ಬಗ್ಗಿ ನೋಡಿದಳು. ಬಳ್ಳಿ ದಪ್ಪವಾದರೂ ಬಿಗಿಯದಂತೆ, ಗಾಳಿಗೆ ಬಿಚ್ಚದಂತೆ ಅವಳು ಹಾಕುವ ಎರಡು ಸುತ್ತಿನ ಗಂಟು.

“ಅಯ್ಯೋ ಶಿವನೇ. ಇದು ನಂದೇ.”

“ನಿಮ್ಮದಾ?” ಮೇಸ್ತ್ರಿ ಹುರಿಯನ್ನು ಬೆಳಕಿಗೆ ಎತ್ತಿ ಹಿಡಿದರು. “ಪೂಜೆ ಸ್ವಲ್ಪ ಜಾಸ್ತಿ ಆಯ್ತು ಅಮ್ಮ. ಅದಕ್ಕೇ ಗಾಡಿಗೆ ಜ್ವರ ಬಂದದ್ದು.”

“ನೂಲಲ್ಲಿ ಕಟ್ಟಿದ್ರೆ ಕಿತ್ಕಂಡು ಹೋಗಿರೋದು. ಕಿತ್ಕಂಡು ಹೋಗಬಾರ್ದು ಅಂತ ಇದ್ರಲ್ಲಿ ಕಟ್ದೆ!”

“ಕಿತ್ತುಹೋಗ್ಲಿಲ್ಲ ಅಮ್ಮ, ಅದೇ ಕಷ್ಟ ಆದದ್ದು!”

ಮೊದಲು ನಕ್ಕವಳು ಅವ್ವನೇ. ಸೆರಗು ಬಾಯಿಗಿಟ್ಟುಕೊಂಡು, ಕಣ್ಣಲ್ಲಿ ನೀರು ಬರುವಷ್ಟು. ಮೇಸ್ತ್ರಿ ದಂಡ ಉಜ್ಜಿ, ಎಣ್ಣೆ ಬಿಟ್ಟು ಫ್ಯಾನನ್ನು ಮತ್ತೆ ಕೂರಿಸಿದರು. ಈ ಸಲ ಅದರ ಸದ್ದೇ ಬೇರೆ, ಜೇನುಗೂಡಿನ ಹಾಗೆ. ನೆಲದಿಂದ ಹಾಳೆ ಎತ್ತಿ ಮಣ್ಣು ಕೊಡವಿ ಹಿಡಿದೆ. ಫಟ್! ಕೈ ಬಿಟ್ಟು ಒಂದು ಹೆಜ್ಜೆ ಹಿಂದೆ ಸರಿದೆ. ಅಂಟಿಕೊಂಡೇ ಇತ್ತು. ಮೇಸ್ತ್ರಿ ನನ್ನ ಕೈಗೆ ಸ್ಪ್ಯಾನರ್ ಕೊಟ್ಟು, “ನಾಳೆಯಿಂದ ನೀವೇ ಬನ್ನಿ, ನಾನು ಕಚೇರಿಗೆ ಹೋಗ್ತೇನೆ,” ಅಂದರು.

ಬುಧವಾರ ಬೆಳಕು ಹರಿಯುವ ಹೊತ್ತಿಗೆ ಬಾಕಿ ಸಸಿಯೆಲ್ಲ ಕಾರಿನಲ್ಲಿತ್ತು. ಜಾಗ ಸಾಲದ ಒಂದು ತಟ್ಟೆ ಅವ್ವನ ತೊಡೆಯ ಮೇಲೆ. ಶ್ರೀಮಂಗಲ ದಾಟಿ ಕುಟ್ಟ ಮುಟ್ಟುವವರೆಗೂ ಇಬ್ಬರ ಕಣ್ಣೂ ಶಾಖದ ಮುಳ್ಳಿನ ಮೇಲೇ. ಗೇಟು ಬಂತು. ಮೊದಲ ಗೇರು ಹಾಕಿದೆ.

ತಿರುವು ಬಂತು, ಹೋಯಿತು. ಮುಳ್ಳು ಮೇಲೇರಿ, ನಡುವೆ ಬಂದು ನಿಂತಿತು. ಮುಂದುಗಡೆ ಫ್ಯಾನು ಗುಂಯ್‌ಗುಟ್ಟಿತು. ಅರ್ಧ ಏರಿನಲ್ಲಿ, ಶನಿವಾರ ಅವ್ವ ಚಕ್ರಕ್ಕೆ ಕೊಟ್ಟಿದ್ದ ಕಲ್ಲು ದಾರಿಯ ಅಂಚಿನಲ್ಲಿ ಹಾಗೇ ಬಿದ್ದಿತ್ತು.

“ಕಲ್ಲು ನಮ್ನೇ ಕಾಯ್ತಾ ಐತೆ,” ಅಂದಳು ಅವ್ವ. “ನಿಲ್ಲಿಸಬ್ಯಾಡ ಮಗಾ, ನಡಿ, ನಡಿ!”

ನಿಲ್ಲಿಸಲಿಲ್ಲ. ಮುಳ್ಳು ನಡುವಿನಿಂದ ಕೂದಲಷ್ಟೂ ಅಲುಗಲಿಲ್ಲ. ಕೊನೆಯ ತಿರುವಿನಲ್ಲಿ ಬಂಗಲೆಯ ಹೆಂಚು ಕಂಡಾಗ ನಾನು ಅಗತ್ಯವಿಲ್ಲದಿದ್ದರೂ ಉದ್ದಕ್ಕೆ ಹಾರ್ನ್ ಹೊಡೆದೆ. ನೆಡಲು ಬಂದಿದ್ದವರೆಲ್ಲ ತಿರುಗಿ ನೋಡಿದರು. ರೈಟರ್ ಬಂದು ಬಾನೆಟ್ಟಿನ ಮೇಲೆ ಅಂಗೈ ಇಟ್ಟು ನೋಡಿದರು.

“ಎಂಥ ಅಮ್ಮ, ಇವತ್ತು ಹಬೆ ಇಲ್ವಾ?”

“ಹಬೆ ಬೇಕಾದ್ರೆ ಒಳಗೋಗಿ ಕಾಫಿ ಕಾಯಿಸ್ಕಳಿ ಸಾರ್. ನಾವು ಸಸಿ ತಂದಿರೋದು.”

ಜನರೆಲ್ಲ ಹೋ ಎಂದು ನಕ್ಕರು. ರೈಟರೂ ನಕ್ಕು, ನಿಜವಾಗಿಯೂ ಕಾಫಿ ತರಿಸಿದರು. ತಟ್ಟೆಗಳು ಇಳಿದವು. ಅವರು ಸಸಿಗಳನ್ನು ಒಂದೊಂದಾಗಿ ತಿರುಗಿಸಿ ನೋಡಿ, ಒಂದು ಕುಡಿಯೂ ಮುರಿಯದಿರುವುದನ್ನು ಕಂಡು, ಮುಂದಿನ ಮಳೆಗೂ ಇಷ್ಟೇ ಬೇಕು, ಬೇರೆಯವರಿಗೆ ಕೊಟ್ಟೀರಿ ಎಂದರು. ಅವ್ವ ತಲೆಯಾಡಿಸಿದಳು, ಬಹಳ ಯೋಚಿಸಿ ಒಪ್ಪಿದವಳ ಹಾಗೆ.

ಮೊದಲ ಸಸಿಯನ್ನು ತೋಟದ ನೆರಳಿಗೆ ಬೆಳೆಸಿದ ಸಿಲ್ವರ್ ಓಕ್ ಮರದ ಬುಡದಲ್ಲಿ ನೆಟ್ಟಾಗ ಕಟ್ಟಲು ಹುರಿ ಬೇಕಾಯಿತು. ಆಳುಗಳು ಉಂಡೆ ಬಿಚ್ಚುವುದರೊಳಗೆ ಅವ್ವ ತನ್ನ ಸೊಂಟದ ಚೀಲದಿಂದ ಮೊಳದುದ್ದದ ಹಸಿರು ಹುರಿಯನ್ನು ತೆಗೆದಳು. ರಾತ್ರಿಯೇ ಸೋಪು ಹಾಕಿ ತೊಳೆದಿಟ್ಟಿದ್ದಳು. ಕುಡಿಯನ್ನು ಮರಕ್ಕೆ ಒರಗಿಸಿ, ಎರಡು ಸುತ್ತಿನ ಗಂಟು ಹಾಕಿ, ಎಳೆದು ನೋಡಿದಳು.

“ಗಟ್ಟಿ ಐತೆ,” ಅಂದಳು.