ಕುಂಬಾರ ಕಾಕಾನ ಚರ್ಮದ ಪಟ್ಟಾ

ಮೊನ್ನೆ ಮೊಮ್ಮಗ ಹೊಸ ಲೆದರ್ ಬೆಲ್ಟ್ ತಂದು ನನ್ನ ಮಂಚದ ಮೇಲೆ ಎಸೆದು ಹೋದ. ಎಣ್ಣೆ ಕುಡಿದ ಚರ್ಮದ ವಾಸನೆ. ಅಷ್ಟೇ ಸಾಕಾಯಿತು... ಬೆಳಗಾವಿಯ ನಮ್ಮ ಮನೆಯ ಹಿಂಬಾಗಿಲು, ಹುಲ್ಲಿನಲ್ಲಿ ಸುತ್ತಿಟ್ಟ ಮಣ್ಣಿನ ಗಡಗಿಗಳು, ಅವುಗಳ ಪಕ್ಕ ಕುಳಿತು ಬೆವರೊರೆಸಿಕೊಳ್ಳುತ್ತಿದ್ದ ಕುಂಬಾರ ಕಾಕಾ.

ನಮಗವರು ಸಂಬಂಧಿಕರೇನಲ್ಲ. ತಿಂಗಳಿಗೊಮ್ಮೆ ಖಾನಾಪುರದಿಂದ ರೈಲಿನಲ್ಲಿ ಗಡಗಿ, ಹೂಜಿ ತರುತ್ತಿದ್ದರು. ಬ್ರಿಟಿಷರ ಕಾಲದ, ಇಪ್ಪತ್ತರ ದಶಕದ ಮಾತಿದು. ನಾನಾಗ ದಂಡಿನ ಕ್ಯಾಂಪಿನ ಕಾನ್ವೆಂಟಿನಲ್ಲಿ ಓದುವ ಹದಿನಾಲ್ಕರ ಹುಡುಗಿ. ಕಾಕಾ ಬಂದ ಕೂಡಲೇ, ಏನಾದರೂ ಟಸ್‌ಪುಸ್ ಅನ್ನು, ಕೇಳೋಣ ಎಂದು ನನ್ನಿಂದ ಇಂಗ್ಲಿಷ್ ಮಾತಾಡಿಸಿ, ಒಂದಕ್ಷರ ತಿಳಿಯದಿದ್ದರೂ ತಲೆದೂಗುತ್ತಿದ್ದರು.

ವರ್ಷಗಟ್ಟಲೆ ಹಸಿಮಣ್ಣಿನ ಹೊರೆ ಎತ್ತಿದ ಆ ಮೈಯಲ್ಲಿ, ತೊಡೆಯ ಸಂದಿಯ ಮೇಲೆ, ಒಂದು ಗಂಟು ಎದ್ದಿತ್ತು. ಕೆಮ್ಮಿದರೆ ಹೊರಗೆ, ಮಲಗಿದರೆ ಒಳಗೆ. ಹರ್ನಿಯಾ ಎಂಬ ಶಬ್ದ ನಮಗೆ ಗೊತ್ತಿರಲಿಲ್ಲ. ಇಂಥದಕ್ಕೆ ಕರುಳು ಇಳಿದಿದೆ ಎಂದು ದೊಡ್ಡವರು ಪಿಸುಗುಟ್ಟುತ್ತಿದ್ದರು. ಕಾಕಾ ಹೆಂಡತಿಗೂ ಹೇಳದೆ, ಕ್ಯಾಂಪಿನಲ್ಲಿ ಕುದುರೆ ಜೀನು ಹೊಲಿಯುವವನಿಂದ ಗಂಟನ್ನು ಒತ್ತಿ ಹಿಡಿಯುವ ಒಂದು ಚರ್ಮದ ಪಟ್ಟಾ ಮಾಡಿಸಿ ಧೋತರದೊಳಗೆ ಬಿಗಿದುಕೊಂಡರು. ನಮ್ಮಪ್ಪ ವಾಸನೆ ಹಿಡಿದು ಕೇಳಿದಾಗ ನಕ್ಕರಂತೆ.

"ಕುದುರಿ ತಡಕೊಂತೈತಿ, ನಾ ತಡಕೊಳ್ಳೂದಿಲ್ಲೇನ್ರಿ?"

ಒಂದು ಬೆಳಿಗ್ಗೆ ಗಡಗಿ ಇಳಿಸಿದವರು ಮೇಲೇಳಲಿಲ್ಲ. ಮುಖ ಬೂದಿಯಾಗಿತ್ತು, ವಾಂತಿ ನಿಲ್ಲಲಿಲ್ಲ. ಅಪ್ಪ ಟಾಂಗಾದಲ್ಲಿ ಆಸ್ಪತ್ರೆಗೆ ಕರೆದೊಯ್ದರು. ಅಪ್ಪನಿಗೆ ಇಂಗ್ಲಿಷ್ ಬಾರದು, ಹಾಗಾಗಿ ನಾನೂ ಹೋದೆ.

ಇಂಗ್ಲಿಷ್ ಸರ್ಜನ್ ಪಟ್ಟಾ ಬಿಚ್ಚಿ ನೋಡಿ ನಿಟ್ಟುಸಿರಿಟ್ಟರು. ಮಲಗಿ, ಗಂಟು ಪೂರ್ತಿ ಒಳಗೆ ಸರಿದ ಮೇಲೆ ಕಟ್ಟಬೇಕಾದದ್ದನ್ನು ಕಾಕಾ ನಿಂತುಕೊಂಡೇ, ಹೊರಬಂದ ಗಂಟಿನ ಮೇಲೆಯೇ ಕಟ್ಟುತ್ತಿದ್ದರು. ಈಗ ಕರುಳು ಸಿಕ್ಕಿಬಿದ್ದಿತ್ತು. ತಡಮಾಡಿದರೆ ಒಳಗೇ ಕೊಳೆಯುತ್ತದೆ, ಇವತ್ತೇ ಆಪರೇಷನ್ ಆಗಬೇಕು ಎಂದರು. ಸೊಂಟದ ಕೆಳಗಿನದೇನನ್ನೂ ಹೆಸರಿಸಬಾರದೆಂದು ಕಾನ್ವೆಂಟಿನ ಸಿಸ್ಟರ್ಸ್ ಕಲಿಸಿದ್ದರು. ನಾನು ನೆಲ ನೋಡುತ್ತಲೇ ಎಲ್ಲವನ್ನೂ ಕನ್ನಡದಲ್ಲಿ ಹೇಳಿ ಮುಗಿಸಿದೆ.

ಕಾಕಾನಿಗೆ ನನಗಿಂತ ಬೇಗ ತಿಳಿಯಿತು. ಹಸಿ ಗಡಗಿಯ ಗೋಡೆ ತೆಳುವಾದಲ್ಲಿ ಉಬ್ಬುತ್ತದೆ, ಹೊರಗಿನಿಂದ ಒತ್ತಿದರೆ ನಿಲ್ಲದು, ಗೋಡೆಯನ್ನೇ ಕೂಡಿಸಬೇಕು ಎಂದು ತಾವೇ ಹೇಳಿದರು. ಆಯಿತು, ಕೊಯ್ಯಲಿ ಎಂದರು.

ಅಷ್ಟರಲ್ಲಿ ಕಂಪೌಂಡರ್ ಅವರ ಕೊರಳಿನ ಇಷ್ಟಲಿಂಗದ ಶಿವದಾರಕ್ಕೆ ಕೈ ಹಾಕಿದ. ಆಪರೇಷನ್ ಟೇಬಲ್ ಮೇಲೆ ಮೈಮೇಲೆ ಏನೂ ಇರಕೂಡದು, ಅದು ರೂಲ್. ಕಾಕಾ ಅವನ ಮಣಿಕಟ್ಟು ಹಿಡಿದರು. ದೀಕ್ಷೆಯಾದಂದಿನಿಂದ ಲಿಂಗ ಅವರ ಮೈಬಿಟ್ಟು ಇದ್ದಿರಲಿಲ್ಲ. ಪ್ರಾಣ ಹೋದರೂ ಸರಿ, ತೆಗೆಯಲೊಲ್ಲೆ ಎಂದರು. ಅಪ್ಪ ಬೇಡಿಕೊಂಡರು. ಸರ್ಜನ್ ಗಡಿಯಾರ ನೋಡಿದರು.

ನಾನು ಮುಂದೆ ಬಂದು, ಸರ್, ಇಟ್ ಈಸ್ ನಾಟ್ ಎನ್ ಆರ್ನಮೆಂಟ್ ಎಂದೆ. ತನಗೆ ಲಿಂಗದ ಬಗ್ಗೆ ತಕರಾರಿಲ್ಲ, ಅದರ ಕೊಳೆ ಗಾಯಕ್ಕೆ ತಗಲುವ ಭಯ ಅಷ್ಟೇ ಎಂದರು ಸರ್ಜನ್. ಅದನ್ನು ನಾನು ಕನ್ನಡದಲ್ಲಿ ಹೇಳಿದ್ದೇ ತಡ, ಕಾಕಾನ ಕಣ್ಣು ಹೊಳೆಯಿತು.

"ಹಂಗಾರ ಕುದಿಸಿದ ಅರಿವ್ಯಾಗ ಸುತ್ತಿ ನನ್ನ ಎಡಗೈಯಾಗ ಕಟ್ಟಂತ ಹೇಳವ್ವಾ. ಸುಡಲಾರದ ಗಡಗಿ ನಾವೂ ಕೊಡೂದಿಲ್ಲ. ಪೂಜಿಗೂ ಎಡಗೈಯಾಗ ಹಿಡಿತೇವಿ, ಇಲ್ಲೂ ಹಿಡದಿರತೇನಿ."

ಸರ್ಜನ್ ಒಪ್ಪಿದರು. ಮುಷ್ಟಿಯ ಮೇಲೆ ಬಿಳಿ ಬಟ್ಟೆ ಸುತ್ತಿಸಿಕೊಂಡು ಕಾಕಾ ಒಳಗೆ ಹೋದರು... ಕ್ಲೋರೋಫಾರ್ಮಿನಲ್ಲೂ ಆ ಬೆರಳುಗಳು ಸಡಿಲಾಗಲಿಲ್ಲವೆಂದು ನರ್ಸ್ ಆಮೇಲೆ ಹೇಳಿದಳು.

ಬದುಕಿದರು. ಹೊರೆ ಎತ್ತಬೇಡಿ, ಕೆಮ್ಮು ಬಂದರೆ ಮದ್ದಿಲ್ಲದೆ ಬಿಡಬೇಡಿ, ಮಲಬದ್ಧತೆಯಿಂದ ತಿಣುಕಬೇಡಿ ಎಂದು ಸರ್ಜನ್ ಹೇಳಿದ್ದನ್ನೆಲ್ಲ ನನ್ನಿಂದ ಮೂರು ಸಲ ಹೇಳಿಸಿ ಬಾಯಿಪಾಠ ಮಾಡಿದರು. ಮುಂದೆ ಮಣ್ಣನ್ನು ಸಣ್ಣ ಬುಟ್ಟಿಯಲ್ಲೇ ಹೊತ್ತರು. ನೆರೆಯವರು ಬುಟ್ಟಿ ನೋಡಿ, ಹೊಸ ಸೊಸಿ ಮಣ್ಣ ಹೊರಾಕ ಬಂದಾಳ ಎಂದು ಚೇಷ್ಟೆ ಮಾಡಿದರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ನಾನು ಮದುವೆಯಾಗಿ ಪುಣೆಗೆ ಹೋದೆ. ಕೆಲವು ವರ್ಷಗಳ ಮೇಲೆ ಅವರಿಗೆ ಇನ್ನೊಂದು ಬದಿಯಲ್ಲೂ ಗಂಟು ಕಾಣಿಸಿತು. ಈ ಸಲ ಬಚ್ಚಿಡಲಿಲ್ಲ, ನೇರ ನಮ್ಮ ಹಿಂಬಾಗಿಲಿಗೆ ಬಂದು ನಾನೆಲ್ಲಿ ಎಂದು ಕೇಳಿದರಂತೆ. ಆಸ್ಪತ್ರೆಗೆ ಹೊಸ ಸರ್ಜನ್ ಬಂದಿದ್ದರು. ಎಡಗೈಯಲ್ಲಿ ಲಿಂಗ ಹಿಡಿಯುವ ಸಂಗತಿ ಅವರಿಗೆ ಇಂಗ್ಲಿಷಿನಲ್ಲಿ ಯಾರು ಹೇಳಬೇಕು? ಅಪ್ಪ ಎಷ್ಟು ಒತ್ತಾಯಿಸಿದರೂ, ನಿಮ್ಮ ಮಗಳು ನಾಗರ ಪಂಚಮಿಗೆ ತವರಿಗೆ ಬರತಾಳಲ್ಲ, ಆಗ ಹೋಗೋಣ ಎಂದು ಎದ್ದುಹೋದರಂತೆ.

ಪಂಚಮಿಗೆ ನಾನು ಬಂದಾಗ ಕಾಕಾ ಇರಲಿಲ್ಲ. ಕರುಳು ಮತ್ತೆ ಸಿಕ್ಕಿಬಿದ್ದು, ತೀರಿಕೊಂಡು ಹದಿನೈದು ದಿನವಾಗಿತ್ತು.

ನಾಲ್ಕು ಸಾಲು ಇಂಗ್ಲಿಷಿನಲ್ಲಿ ಬರೆದು ಅವರ ಕೈಗೆ ಕೊಟ್ಟು ಹೋಗಿದ್ದರೆ ಸಾಕಿತ್ತು. ಇಷ್ಟೆಲ್ಲ ಓದಿದವಳಿಗೆ ಅದು ಹೊಳೆಯಲಿಲ್ಲ...

ಬೆಲ್ಟನ್ನು ಮೊಮ್ಮಗನ ಕಪಾಟಿನಲ್ಲಿಟ್ಟು ಬರುವಾಗ ಗ್ಯಾಸ್ ಸಿಲಿಂಡರ್ ತಂದ, ನಮ್ಮ ಬೆಳಗಾವಿ ಕಡೆಯ ಹುಡುಗ ಬಾಗಿಲಲ್ಲಿದ್ದ. ಇಳಿಸುವಾಗ ಒಂದು ಕೈ ತೊಡೆಯ ಸಂದಿಗೆ ಹೋಯಿತು. ನಾನು ನೆಲ ನೋಡಲಿಲ್ಲ. ಗಂಟು ಐತೇನಪಾ ಎಂದು ಕೇಳಿಯೇಬಿಟ್ಟೆ. ಅವನು ನಾಚಿ, ಸಣ್ಣದೈತ್ರಿ ಅಜ್ಜಿ, ಮಲಗಿದರ ಹೋಗತೈತಿ ಎಂದ.

ಅವನನ್ನು ಕೂರಿಸಿ, ಕನ್ನಡಕ ಹುಡುಕಿ, ಡಾಕ್ಟರಿಗೆ ನಾಲ್ಕು ಸಾಲು ಬರೆದು ಅವನ ಕೈಯಲ್ಲಿಟ್ಟೆ.